ನಕಲಿ ಹಕ್ಕಿ ಇಟ್ಟು ಕಾಗೆ, ಪಾರಿವಾಳ ಹೊಡೆಯೋ ವಿಡಿಯೋ ನೋಡಿದ್ರಾ? ಅದರಲ್ಲಿ ನಮಗೆ ಬೇಕಾದ್ದು ಬಂದೂಕಲ್ಲ

ಮುಂಗಾರು ಬಿತ್ತನೆ ಶುರುವಾದ ಕೂಡಲೇ ನಮ್ಮ ಫೋನುಗಳಲ್ಲಿ ಎರಡು ತರದ ವಿಡಿಯೋ ಓಡಾಡ್ತವೆ. ಒಂದು ನಮ್ಮೂರಿನದೇ: ಈಗಷ್ಟೇ ಮೊಳಕೆ ಒಡೆದ ಮೆಕ್ಕೆಜೋಳದ ಸಾಲಲ್ಲಿ ಕಾಗೆಗಳು ಲೈನಾಗಿ ನಡೀತಾ, ಒಂದೊಂದೇ ಸಸಿ ಕಿತ್ತು, ಬುಡದಲ್ಲಿರೋ ಬೀಜ ತಿಂದು, ಸಸಿಯನ್ನ ಅಲ್ಲೇ ಎಸೆದು ಮುಂದೆ ಹೋಗೋದು. ಇನ್ನೊಂದು ಇಂಗ್ಲೆಂಡಿನದು: ಹೊಲದ ತುಂಬ ಪ್ಲಾಸ್ಟಿಕ್ ಪಾರಿವಾಳ ಇಟ್ಟು, ಬಲೆಯ ಮರೆಯಲ್ಲಿ ಒಬ್ಬ ಕೂತು, ಇಳಿಯೋಕೆ ಬರೋ ಹಕ್ಕಿಗಳನ್ನ ಬಂದೂಕಿನಿಂದ ಹೊಡೆಯೋದು. ಎರಡನ್ನೂ ನೋಡಿದ ಮೇಲೆ ಮನಸ್ಸಿಗೆ ಬರೋ ಪ್ರಶ್ನೆ ಒಂದೇ: ನಾವೂ ಹೀಗೆ ಮಾಡಬಹುದಾ?

ನೇರ ಉತ್ತರ ಮೊದಲೇ ಹೇಳಿಬಿಡೋಣ. ಹೊಡೆಯೋ ಕೆಲಸ ನಮ್ಮಲ್ಲಿ ಬೇಡ. ಕಾನೂನು ಬಿಡಲ್ಲ, ಬೆಳೆಗೂ ಅದರಿಂದ ಸಿಗೋದು ಕಡಿಮೆ. ಆದರೆ ಆ ವಿಡಿಯೋದಲ್ಲಿ ಗುಂಡು ಹಾರೋದಕ್ಕೆ ಮೊದಲು ನಡೆಯೋ ಕೆಲಸ ಇದೆಯಲ್ಲ, ಅಂದ್ರೆ ಹಕ್ಕಿ ಎಲ್ಲಿಂದ ಬರುತ್ತೆ, ಯಾಕೆ ಇಲ್ಲೇ ಇಳಿಯುತ್ತೆ, ಏನು ನೋಡಿ ನಂಬುತ್ತೆ ಅಂತ ಓದೋದು, ಅದು ನಮಗೆ ತುಂಬಾ ಬೇಕಾದ ವಿದ್ಯೆ. ಅದನ್ನ ತಿರುಗಿಸಿ ಹಿಡಿದರೆ ಬಂದೂಕಿಲ್ಲದೆ ಬಿತ್ತನೆ ಉಳಿಸಿಕೊಳ್ಳಬಹುದು. ಈ ವಾರ ಅದನ್ನೇ ಬಿಡಿಸಿ ನೋಡೋಣ.

ಇಂಗ್ಲೆಂಡಿನಲ್ಲಿ ಇದು ಯಾಕೆ ಇಷ್ಟು ದೊಡ್ಡ ವಿಷಯ?

ಅಲ್ಲಿನ ತಲೆನೋವಿನ ಹೆಸರು ವುಡ್ ಪಿಜನ್, ಕಾಡು ಪಾರಿವಾಳ ಅನ್ನಿ. ನಮ್ಮ ಬಸ್ ಸ್ಟ್ಯಾಂಡ್, ದೇವಸ್ಥಾನದ ಗೋಪುರದ ಪಾರಿವಾಳಕ್ಕಿಂತ ದೊಡ್ಡದು. ಸುಮಾರು ಅರ್ಧ ಕೆಜಿ ತೂಕ, ಕುತ್ತಿಗೆಯ ಪಕ್ಕ ಬಿಳಿ ಮಚ್ಚೆ, ರೆಕ್ಕೆ ಬಿಚ್ಚಿದಾಗ ಎದ್ದು ಕಾಣೋ ಬಿಳಿ ಪಟ್ಟಿ. ಬ್ರಿಟನ್ನಿನಲ್ಲಿ ಇವು ಸುಮಾರು 50 ಲಕ್ಷ ಜೋಡಿ ಇವೆ. ಚಳಿಗಾಲದಲ್ಲಿ ಬೇರೆ ಹಸಿರು ಸಿಗದಾಗ ಎಣ್ಣೆಕಾಳು ಬೆಳೆಯಾದ ರೇಪ್ ಹೊಲಕ್ಕೆ ನೂರಾರು ಒಟ್ಟಿಗೆ ಇಳಿದು ಎಲೆ ಬೋಳಿಸ್ತವೆ. ರೇಪ್ ಅಂದ್ರೆ ನಮ್ಮ ಸಾಸಿವೆಯ ಜಾತಿಗೆ ಸೇರಿದ ಬೆಳೆ. ವಸಂತದಲ್ಲಿ ಬಟಾಣಿ ಬಿತ್ತನೆ, ಬೇಸಿಗೆಯಲ್ಲಿ ಗಾಳಿಗೆ ಒರಗಿದ ಬಾರ್ಲಿ, ಕಟಾವಾದ ಮೇಲೆ ಕೂಳೆ ಹೊಲ, ಹೀಗೆ ವರ್ಷಪೂರ್ತಿ ಇವುಗಳ ಊಟದ ಪಟ್ಟಿ ತಯಾರಿರುತ್ತೆ. ಕಾಗೆ ಮತ್ತು ಅದರ ನೆಂಟ ರೂಕ್ ಹಕ್ಕಿಗಳದ್ದು ಬಿತ್ತಿದ ಬೀಜ, ಎಳೆ ಮೊಳಕೆಯ ಮೇಲೆ ಕಣ್ಣು.

ಅದಕ್ಕೆ ಅಲ್ಲಿನ ರೈತರು ಬಂದೂಕು ಹಿಡಿಯೋಕೆ ಬರೋರನ್ನ ಹೊಲಕ್ಕೆ ಕರೀತಾರೆ. ಹ್ಯಾಂಪ್‌ಶೈರ್ ಕಡೆಯ ಮೇಜರ್ ಆರ್ಚೀ ಕೋಟ್ಸ್ ಅನ್ನೋರು ಇದನ್ನೇ ವೃತ್ತಿ ಮಾಡಿಕೊಂಡು 1963ರಲ್ಲಿ ಒಂದು ಪುಸ್ತಕವನ್ನೇ ಬರೆದರು. ಇಂದಿಗೂ ಅಲ್ಲಿ ಈ ಕೆಲಸ ಕಲಿಯೋರು ಅವರ ಹೆಸರು ಹೇಳ್ತಾರೆ. ಹೊಡೆದ ಪಾರಿವಾಳ ಅಲ್ಲಿ ಊಟಕ್ಕೂ ಹೋಗುತ್ತೆ, ಮಾಂಸದ ವ್ಯಾಪಾರಿಗಳು ಕೊಂಡುಕೊಳ್ತಾರೆ.

ನಕಲಿ ಹಕ್ಕಿ ಕೆಲಸ ಮಾಡೋದು ಹೇಗೆ?

ಡಿಕಾಯ್ ಅಂದ್ರೆ ನಂಬಿಸೋ ಹಕ್ಕಿ. ಈ ಉಪಾಯ ನಮಗೆ ಹೊಸದೇನಲ್ಲ. ಬೇಟೆಯಲ್ಲಿ ಬೇರೆ ಪ್ರಾಣಿಗಳನ್ನ ಸೆಳೆಯೋಕೆ ಬಳಸೋ ಪಳಗಿಸಿದ ಪ್ರಾಣಿಗೆ ಹಳೆಯ ಕನ್ನಡದಲ್ಲಿ 'ದೀಹ' ಅನ್ನೋ ಪದವೇ ಇದೆ.

ಹಿಂಡಿನಲ್ಲಿ ಮೇಯೋ ಹಕ್ಕಿಗೆ ಎರಡು ಚಿಂತೆ: ಊಟ ಎಲ್ಲಿದೆ, ಅಪಾಯ ಎಲ್ಲಿದೆ. ಇವೆರಡನ್ನೂ ಪ್ರತಿ ಹೊಲಕ್ಕೂ ತಾನೇ ಹೋಗಿ ಪರೀಕ್ಷೆ ಮಾಡ್ತಾ ಕೂತರೆ ಹೊಟ್ಟೆ ತುಂಬಲ್ಲ. ಹಾಗಾಗಿ ಅದು ಬೇರೆ ಹಕ್ಕಿಗಳನ್ನ ನೋಡಿ ತೀರ್ಮಾನ ಮಾಡುತ್ತೆ. ನಾಲ್ಕು ಹಕ್ಕಿ ತಲೆ ತಗ್ಗಿಸಿ ಮೇಯ್ತಾ ಇದ್ರೆ ಅಲ್ಲಿ ಊಟನೂ ಇದೆ, ಅಪಾಯನೂ ಇಲ್ಲ ಅಂತ ಲೆಕ್ಕ. ಗೊತ್ತಿಲ್ಲದ ಊರಿಗೆ ಹೋದಾಗ ಜನ ತುಂಬಿರೋ ಹೋಟೆಲಿಗೇ ನಾವು ನುಗ್ಗೋದಿಲ್ವಾ, ಅದೇ ಲೆಕ್ಕ. ನಕಲಿ ಹಕ್ಕಿ ಈ ನಂಬಿಕೆಯನ್ನ ಬಳಸಿಕೊಳ್ಳುತ್ತೆ.

ಈ ಒಂದು ಮಾತು ನೆನಪಿಡಿ, ಮುಂದೆ ಇದೇ ನಮಗೆ ಕೆಲಸಕ್ಕೆ ಬರೋದು: ಮೊದಲು ಇಳಿದ ಹಕ್ಕಿಯೇ ಮಿಕ್ಕ ಹಕ್ಕಿಗಳಿಗೆ ಆಹ್ವಾನ ಪತ್ರಿಕೆ.

ಅವರು ಮಾಡೋ ಕ್ರಮ

ವಿಡಿಯೋದಲ್ಲಿ ಹತ್ತು ನಿಮಿಷದಲ್ಲಿ ಮುಗಿಯೋ ಕೆಲಸದ ಹಿಂದೆ ಗಂಟೆಗಟ್ಟಲೆ ತಯಾರಿ ಇರುತ್ತೆ. ಹಂತ ಹಂತವಾಗಿ ನೋಡಿ.

ಮೊದಲನೇದು ಗಮನಿಸೋದು. ಅನುಭವ ಇರೋರು ಮೊದಲು ಬಂದೂಕು ತರಲ್ಲ, ದುರ್ಬೀನು ತರ್ತಾರೆ. ಹಕ್ಕಿಗಳು ರಾತ್ರಿ ತಂಗೋ ಮರಗಳು ಯಾವು, ಎಷ್ಟು ಹೊತ್ತಿಗೆ ಹೊರಡ್ತವೆ, ಯಾವ ಬೇಲಿ ಸಾಲಿನ ಮೇಲೆ ಹಾರಿ ಬರ್ತವೆ ಅಂತ ನೋಡ್ತಾರೆ. ಹಕ್ಕಿ ಆಕಾಶದಲ್ಲಿ ಎಲ್ಲೆಂದರಲ್ಲಿ ಹಾರಲ್ಲ. ಮರದ ಸಾಲು, ಹಳ್ಳ, ದಿಣ್ಣೆ ಹಿಡಿದು ಅದಕ್ಕೂ ಒಂದು ದಾರಿ ಇರುತ್ತೆ. ಆ ದಾರಿ ತಪ್ಪಿ ಕೂತರೆ ಎಷ್ಟು ನಕಲಿ ಹಕ್ಕಿ ಇಟ್ಟರೂ ದಂಡ.

ಎರಡನೇದು ಮರೆ. ಬೇಲಿ ಪಕ್ಕದಲ್ಲಿ ಕಂಬ ನೆಟ್ಟು, ಹಸಿರು-ಕಂದು ಬಲೆ ಕಟ್ಟಿ, ಮುಖ ಮುಚ್ಚಿಕೊಂಡು ಕೂರ್ತಾರೆ. ಬಿಳಿ ಮುಖ, ಕೈ ಅಲುಗಾಟ ಕಂಡರೆ ಹಕ್ಕಿ ಅಲ್ಲಿಂದಲೇ ವಾಪಸ್.

ಮೂರನೇದು ಜೋಡಣೆ. ನಕಲಿ ಹಕ್ಕಿಗಳನ್ನ ಕುದುರೆ ಲಾಳದ ಆಕಾರದಲ್ಲಿ, ಎರಡು ಮೀಟರ್ ಆಸುಪಾಸು ಅಂತರ ಬಿಟ್ಟು, ಹೆಚ್ಚಿನವು ಗಾಳಿಗೆ ಎದುರು ಮುಖ ಮಾಡಿರೋ ಹಾಗೆ ಇಡ್ತಾರೆ. ಹಕ್ಕಿ ಇಳಿಯುವಾಗ ವೇಗ ಕಡಿಮೆ ಮಾಡೋಕೆ ಗಾಳಿಗೆ ಎದುರಾಗಿ ಬರುತ್ತೆ. ಅದು ಇಳಿಯೋಕೆ ಅಂತಲೇ ಲಾಳದ ಮಧ್ಯೆ ಜಾಗ ಖಾಲಿ ಬಿಟ್ಟಿರ್ತಾರೆ. ಆ ಜಾಗ ಕೂತವರಿಂದ 20-25 ಮೀಟರ್ ದೂರ.

ನಾಲ್ಕನೇದು ಅಲುಗಾಟ. ಅಲ್ಲಾಡದ ಬೊಂಬೆಗಿಂತ ಅಲ್ಲಾಡೋದು ದೂರದಿಂದ ಸೆಳೆಯುತ್ತೆ. ಸ್ಪ್ರಿಂಗ್ ಕಡ್ಡಿ ಮೇಲೆ ತೂಗಾಡೋ ಬೊಂಬೆ, ರೆಕ್ಕೆ ಬಡಿಯೋ ಬೊಂಬೆ ಇವೆ. 12 ವೋಲ್ಟ್ ಬ್ಯಾಟರಿಯ ಮೋಟಾರಿಗೆ ಎರಡು ಉದ್ದ ತೋಳು ಕಟ್ಟಿ ಹಕ್ಕಿಗಳನ್ನ ಸುತ್ತಿಸೋ ಯಂತ್ರವೂ ಇದೆ, ಅದನ್ನ ಅಲ್ಲಿ 'ಪಿಜನ್ ಮ್ಯಾಗ್ನೆಟ್' ಅಂತಾರೆ. ಸುತ್ತುವಾಗ ರೆಕ್ಕೆಯ ಬಿಳಿ ಪಟ್ಟಿ ಮಿನುಗಿ, ಈಗಷ್ಟೇ ಹಕ್ಕಿಗಳು ಇಳೀತಾ ಇವೆ ಅನ್ನೋ ಭ್ರಮೆ ಹುಟ್ಟುತ್ತೆ.

ಕಾಗೆಯ ವಿಷಯಕ್ಕೆ ಬಂದರೆ ಆಟ ಇನ್ನೂ ಕಷ್ಟ. ಬೆಳಕು ಹರಿಯೋದಕ್ಕೆ ಮೊದಲೇ ಮರೆ ಸೇರಿರಬೇಕು. ಬೊಂಬೆಗಳು ಕಡಿಮೆ ಸಾಕು. ಕೆಲವರು ಗೂಬೆಯ ಬೊಂಬೆ ಇಡ್ತಾರೆ. ಗೂಬೆ ಕಂಡರೆ ಕಾಗೆಗಳು ಕೂಗಾಡ್ತಾ ಗುಂಪುಗಟ್ಟಿ ಅಟ್ಟೋಕೆ ಬರ್ತವಲ್ಲ, ಆ ಸಿಟ್ಟನ್ನೇ ಬಲೆಯಾಗಿ ಬಳಸೋದು. ಆದರೂ ಒಂದೆರಡು ಗುಂಡು ಹಾರಿದ ಮೇಲೆ ಕಾಗೆಗಳು ಆ ಕಡೆ ತಲೆ ಹಾಕೋದೇ ಕಷ್ಟ.

ಅಲ್ಲೂ ಬೇಕಾಬಿಟ್ಟಿ ಹೊಡೆಯೋ ಹಾಗಿಲ್ಲ

ವಿಡಿಯೋದಲ್ಲಿ ಕಾಣದ ಸಂಗತಿ ಇದು. ಬ್ರಿಟನ್ನಿನ 1981ರ ವನ್ಯಜೀವಿ ಮತ್ತು ಗ್ರಾಮೀಣ ಪ್ರದೇಶ ಕಾಯ್ದೆ ಪ್ರಕಾರ ಎಲ್ಲಾ ಕಾಡು ಹಕ್ಕಿಗಳಿಗೂ ರಕ್ಷಣೆ ಇದೆ. ಬೆಳೆಗೆ ಗಂಭೀರ ಹಾನಿ ತಡೆಯೋದು ಮುಂತಾದ ನಿರ್ದಿಷ್ಟ ಕಾರಣಗಳಿಗೆ ಮಾತ್ರ ಕೆಲವು ಜಾತಿಗಳಿಗೆ 'ಜನರಲ್ ಲೈಸೆನ್ಸ್' ಅನ್ನೋ ವಿನಾಯಿತಿ. ಇಂಗ್ಲೆಂಡಿನಲ್ಲಿ ಆ ವಿನಾಯಿತಿ ಬಳಸೋರು ಬೆದರಿಸೋದು, ಬೆಳೆ ಮುಚ್ಚೋದು ಮುಂತಾದ ಕೊಲ್ಲದ ಉಪಾಯಗಳನ್ನ ಮೊದಲು ಪ್ರಯತ್ನಿಸಿರಬೇಕು. ಮೋಜಿಗೆ ಹೊಡೆಯೋಕೆ ಅದು ಪರವಾನಗಿ ಅಲ್ಲ.

2019ರಲ್ಲಿ ವೈಲ್ಡ್ ಜಸ್ಟಿಸ್ ಅನ್ನೋ ಸಂಸ್ಥೆ ಈ ಲೈಸೆನ್ಸುಗಳನ್ನ ಕಾನೂನಿನ ಮೂಲಕ ಪ್ರಶ್ನೆ ಮಾಡಿತು. ಆ ಏಪ್ರಿಲ್‌ನಲ್ಲಿ ನ್ಯಾಚುರಲ್ ಇಂಗ್ಲೆಂಡ್ ಅನ್ನೋ ಸರ್ಕಾರಿ ಸಂಸ್ಥೆ ಮೂರು ಲೈಸೆನ್ಸುಗಳನ್ನ ಏಕಾಏಕಿ ವಾಪಸ್ ಪಡೀತು. ಬಿತ್ತನೆಯ ಕಾಲದಲ್ಲೇ ಹೀಗಾಗಿ ರೈತರು ಕಂಗಾಲಾದರು. ಆಮೇಲೆ ಹೊಸ ಷರತ್ತುಗಳ ಜೊತೆ ಬೇರೆ ಲೈಸೆನ್ಸ್ ಬಂತು. ಅಂದ್ರೆ ಬಂದೂಕಿಗೆ ಅಷ್ಟು ಹಳೇ ರೂಢಿ ಇರೋ ದೇಶದಲ್ಲೂ "ಬೇರೆ ದಾರಿ ಇರಲಿಲ್ವಾ?" ಅನ್ನೋ ಪ್ರಶ್ನೆಗೆ ರೈತ ಉತ್ತರ ಕೊಡಬೇಕು.

ಹೊಡೆದರೆ ಹಕ್ಕಿ ಕಡಿಮೆ ಆಗುತ್ತಾ?

ಇದು ಎಲ್ಲರೂ ಕೇಳಬೇಕಾದ ಪ್ರಶ್ನೆ. ಒಂದು ಕಾಲದಲ್ಲಿ ಪಾರಿವಾಳ ಹೊಡೆಯೋಕೆ ಬ್ರಿಟಿಷ್ ಸರ್ಕಾರ ತೋಟಾಗಳಿಗೆ ಸಬ್ಸಿಡಿ ಕೊಡ್ತಿತ್ತು. ಆಗ ಆರ್. ಕೆ. ಮರ್ಟನ್ ಅನ್ನೋ ವಿಜ್ಞಾನಿ ಮತ್ತು ಜೊತೆಗಾರರು ಕೇಂಬ್ರಿಜ್‌ಶೈರ್‌ನ ಕಾರ್ಲ್‌ಟನ್ ಅನ್ನೋ ಹಳ್ಳಿಯ ಸುತ್ತ ವರ್ಷಗಟ್ಟಲೆ ಹಕ್ಕಿ ಎಣಿಸಿದರು. 1974ರಲ್ಲಿ ಪ್ರಕಟವಾದ ಅವರ ಲೆಕ್ಕದ ಸಾರ ಇಷ್ಟು: ಚಳಿಗಾಲದ ಕೊನೆಗೆ ಎಷ್ಟು ಪಾರಿವಾಳ ಉಳಿತವೆ ಅನ್ನೋದನ್ನ ತೀರ್ಮಾನ ಮಾಡ್ತಿದ್ದದ್ದು ಬಂದೂಕಲ್ಲ, ಮೇವು. ಚಳಿಗಾಲದಲ್ಲಿ ಹೊಡೆದ ಹಕ್ಕಿಗಳಷ್ಟೇ ಸಂಖ್ಯೆಯ ಹಕ್ಕಿಗಳು ಮೇವಿಲ್ಲದೆ ಹೇಗೂ ಸಾಯ್ತಿದ್ದವು. ಹೊಡೆದಿದ್ದರಿಂದ ಉಳಿದವಕ್ಕೆ ಊಟ ಜಾಸ್ತಿ ಸಿಕ್ಕಿತು, ಅಷ್ಟೇ. ಆಮೇಲಿನ ದಶಕಗಳಲ್ಲಿ ರೇಪ್ ಬೆಳೆ ಹರಡಿ ಚಳಿಗಾಲದಲ್ಲೂ ಮೇವು ಸಿಗೋ ಹಾಗಾಯ್ತು, ಪಾರಿವಾಳದ ಸಂಖ್ಯೆಯೂ ಏರಿತು.

ಹಾಗಾದ್ರೆ ಅಲ್ಲಿನ ರೈತರು ಇನ್ನೂ ಯಾಕೆ ಹೊಡೀತಾರೆ? ಆ ಹೊಲಕ್ಕೆ, ಆ ವಾರಕ್ಕೆ ಅದು ಸಹಾಯ ಮಾಡುತ್ತೆ. ಹಿಂಡು ಬೆದರಿ ಬೇರೆ ಕಡೆ ಹೋಗುತ್ತೆ. ಅಂದ್ರೆ ನಿಜವಾದ ಲಾಭ ಬರೋದು ಸಾವಿನಿಂದ ಅಲ್ಲ, ಭಯದಿಂದ. ಭಯ ಹುಟ್ಟಿಸೋಕೆ ಬಂದೂಕೇ ಬೇಕು ಅಂತ ಏನಿಲ್ಲ. ನಮ್ಮ ದಾರಿ ಇಲ್ಲಿಂದ ಶುರು.

ನಮ್ಮ ಕಾನೂನು ಏನು ಹೇಳುತ್ತೆ?

"ಕಾಗೆ ತಾನೇ, ಅದಕ್ಕೇನು ಕಾನೂನು" ಅನ್ನೋ ಮಾತು ಹಳೇದಾಯ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 5ನೇ ಅನುಸೂಚಿಯಲ್ಲಿ ಇಲಿ, ಹೆಗ್ಗಣ, ಹಣ್ಣು ತಿನ್ನೋ ಬಾವಲಿಗಳ ಜೊತೆ ಸಾಮಾನ್ಯ ಕಾಗೆಯನ್ನೂ ಪೀಡೆ ಪ್ರಾಣಿ ಅಂತ ಸೇರಿಸಿದ್ದರು. 2022ರ ತಿದ್ದುಪಡಿಯಲ್ಲಿ ಆ ಅನುಸೂಚಿಯನ್ನೇ ತೆಗೆದುಹಾಕಿದ್ದಾರೆ. 1 ಏಪ್ರಿಲ್ 2023ರಿಂದ ಇದು ಜಾರಿಯಲ್ಲಿದೆ. ಈಗ ಒಂದು ಪ್ರಾಣಿಯನ್ನ ಪೀಡೆ ಅಂತ ಘೋಷಿಸಬೇಕಾದ್ರೆ ಕೇಂದ್ರ ಸರ್ಕಾರ ಇಂಥ ಪ್ರದೇಶ, ಇಷ್ಟು ಅವಧಿ ಅಂತ ಅಧಿಸೂಚನೆ ಹೊರಡಿಸಬೇಕು. ಊರಿನವರು ಸೇರಿ ತೀರ್ಮಾನ ಮಾಡೋ ವಿಷಯ ಅಲ್ಲ.

ಇನ್ನೂ ಮೂರು ಮಾತು ಗಮನದಲ್ಲಿರಲಿ.

ಒಂದು, ಕಾಯ್ದೆಯಲ್ಲಿ ಬೇಟೆ ಅಂದ್ರೆ ಗುಂಡು ಹೊಡೆಯೋದಷ್ಟೇ ಅಲ್ಲ. ಬಲೆ ಹಾಕೋದು, ಉರುಳು ಒಡ್ಡೋದು, ವಿಷ ಹಾಕೋದು, ಕೊನೆಗೆ ಅದಕ್ಕೆ ಪ್ರಯತ್ನ ಪಡೋದೂ ಬೇಟೆಯೇ. ಸಾಮಾನ್ಯ ಅಪರಾಧಕ್ಕೆ 3 ವರ್ಷದವರೆಗೆ ಜೈಲು ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಹೊಲಕ್ಕೆ ನವಿಲು ಬರುತ್ತೆ ಅಂತ ಗೊಣಗೋರು ಇನ್ನೂ ಹುಷಾರಾಗಿರಿ. ಅದು 1ನೇ ಅನುಸೂಚಿಯ ಹಕ್ಕಿ, ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಜೈಲು.

ಎರಡು, ಆನ್‌ಲೈನಲ್ಲಿ ಸಿಗೋ ಏರ್‌ಗನ್. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ 20 ಜೂಲ್‌ಗಿಂತ ಹೆಚ್ಚು ಶಕ್ತಿ ಇರೋ ಅಥವಾ 0.177 ಇಂಚಿಗಿಂತ ದೊಡ್ಡ ನಳಿಕೆಯ ಏರ್‌ಗನ್ನಿಗೆ ಲೈಸೆನ್ಸ್ ಬೇಕು. ಅದಕ್ಕಿಂತ ಚಿಕ್ಕದಕ್ಕೆ ಲೈಸೆನ್ಸ್ ಬೇಡ ಅಂದ್ರೆ ಅದರಿಂದ ಹಕ್ಕಿ ಹೊಡೆಯಬಹುದು ಅಂತ ಅರ್ಥ ಅಲ್ಲ. ಬೆಳೆ ರಕ್ಷಣೆಗೆ ಅಂತ ಪಡೆದ ಬಂದೂಕಿನ ಲೈಸೆನ್ಸೂ ಅಷ್ಟೇ. ಬಂದೂಕು ಇಟ್ಟುಕೊಳ್ಳೋ ಅನುಮತಿ ಬೇರೆ, ವನ್ಯಜೀವಿ ಕೊಲ್ಲೋ ಅನುಮತಿ ಬೇರೆ.

ಮೂರು, ಪಾರಿವಾಳ ಅಂತ ನಾವು ಕರೆಯೋದ್ರಲ್ಲಿ ಬೆಳವ, ಹಸಿರು ಪಾರಿವಾಳ ಎಲ್ಲಾ ಸೇರಿಹೋಗ್ತವೆ. ಹಾರೋ ಹಕ್ಕಿ ಯಾವ ಜಾತಿ, ಯಾವ ಪಟ್ಟಿ ಅಂತ ಹೊಲದಲ್ಲಿ ನಿಂತು ತೀರ್ಮಾನ ಮಾಡೋಕೆ ಹೋಗಬೇಡಿ.

ಕಾನೂನು ಪಕ್ಕಕ್ಕಿಟ್ಟರೂ ಕಾಗೆ ನಮಗೆ ಬರೀ ಶತ್ರು ಅಲ್ಲ. ಉಳುಮೆ ಮಾಡುವಾಗ ನೇಗಿಲ ಹಿಂದೆ ಕಾಗೆ, ಮೈನಾ, ಬೆಳ್ಳಕ್ಕಿ ಸಾಲುಗಟ್ಟಿ ಬರೋದು ಗೊಣ್ಣೆಹುಳು ಆರಿಸೋಕೆ. ಪಿತೃಪಕ್ಷದಲ್ಲಿ ಎಡೆ ಇಟ್ಟು ಇದೇ ಕಾಗೆಯ ದಾರಿ ಕಾಯೋರು ನಾವು. ಅದು ನಷ್ಟ ಮಾಡೋದು ವರ್ಷದಲ್ಲಿ ಕೆಲವೇ ದಿನ. ಆ ದಿನಗಳಲ್ಲಿ ನಮ್ಮ ಹೊಲ ತಪ್ಪಿಸಿದರೆ ಸಾಕು.

ಮೊದಲು ಕಳ್ಳ ಯಾರು ಅಂತ ಖಚಿತ ಮಾಡಿಕೊಳ್ಳಿ

ಸಸಿ ಕಿತ್ತು ಮೇಲೆ ಬಿದ್ದಿದೆ, ಬುಡದಲ್ಲಿ ಬೀಜ ಇಲ್ಲ, ಮಣ್ಣಲ್ಲಿ ಕೊಕ್ಕು ಹಾಕಿದ ಸಣ್ಣ ಗುಳಿ ಇದೆ ಅಂದ್ರೆ ಅದು ಹಕ್ಕಿ ಕೆಲಸ. ಮಣ್ಣು ಕೆದರಿ ರಾಶಿ ಬಿದ್ದಿದ್ರೆ ಇಲಿ ಇರಬಹುದು. ಸಸಿ ನೆಲಮಟ್ಟಕ್ಕೆ ಕತ್ತರಿಸಿ ಬಿದ್ದು, ಬೇರು ಮಣ್ಣಲ್ಲೇ ಇದ್ರೆ ಕತ್ತರಿಸೋ ಹುಳು. ಹುಳುವಿನ ನಷ್ಟಕ್ಕೆ ಕಾಗೆ ಬೈದು ಪ್ರಯೋಜನ ಇಲ್ಲ.

ನಷ್ಟ ಎಷ್ಟು ಅಂತಾನೂ ಅಳೆಯಿರಿ. ಮೆಕ್ಕೆಜೋಳ ಗಿಡದಿಂದ ಗಿಡಕ್ಕೆ 30 ಸೆಂ.ಮೀ. ಹಾಕಿದ್ರೆ 10 ಮೀಟರ್ ಸಾಲಿನಲ್ಲಿ ಸುಮಾರು 33 ಗಿಡ ಇರಬೇಕು. ಹೊಲದ ಅಂಚು, ಮಧ್ಯ, ಮರದ ಪಕ್ಕ ಹೀಗೆ ಹತ್ತು ಕಡೆ ಎಣಿಸಿ ಫೋನಲ್ಲಿ ಬರೆದುಕೊಳ್ಳಿ. ಹೆಚ್ಚು ಸಲ ನಷ್ಟ ಒಂದು ಅಂಚಲ್ಲೇ ಗುಂಪಾಗಿರುತ್ತೆ. ಆಗ ಇಡೀ ಹೊಲಕ್ಕೆ ಖರ್ಚು ಮಾಡೋದು ತಪ್ಪುತ್ತೆ.

ಅವರ ವಿದ್ಯೆ ತಿರುಗಿಸಿ ಹಿಡಿಯೋದು ಹೇಗೆ?

*1. ಹಾರೋ ದಾರಿ ಪತ್ತೆ ಮಾಡಿ.* ಬಿತ್ತನೆಗೆ ಮೂರ್ನಾಲ್ಕು ದಿನ ಮೊದಲು ಬೆಳಗ್ಗೆ 6ರಿಂದ 8, ಸಂಜೆ 4ರಿಂದ 6 ಹೊಲದ ಮೂಲೆಯಲ್ಲಿ ಕೂತು ನೋಡಿ. ಕಾಗೆಗಳು ಯಾವ ಮರದಿಂದ ಬರ್ತವೆ, ಮೊದಲು ಎಲ್ಲಿ ಕೂರ್ತವೆ, ಯಾವ ಅಂಚಲ್ಲಿ ಇಳಿತವೆ? ಗೂಗಲ್ ಮ್ಯಾಪಲ್ಲಿ ನಿಮ್ಮ ಹೊಲ ತೆಗೆದು ಸ್ಕ್ರೀನ್‌ಶಾಟ್ ಮೇಲೆ ಬೆರಳಲ್ಲೇ ಗೆರೆ ಎಳೀರಿ. ಖರ್ಚಿಲ್ಲದ ಈ ಕೆಲಸವನ್ನೇ ಹೆಚ್ಚಿನವರು ಬಿಟ್ಟುಬಿಡ್ತಾರೆ.

*2. ಮೊದಲ ಹಕ್ಕಿ ಇಳಿಯದ ಹಾಗೆ ನೋಡಿಕೊಳ್ಳಿ.* ಮೊದಲು ಇಳಿದದ್ದು ಉಳಿದವಕ್ಕೆ ಆಹ್ವಾನ ಅಂದೆವಲ್ಲ. ಕೂರಿಗೆ ತಿರುಗೋ ಜಾಗದಲ್ಲಿ, ಬೀಜ ತುಂಬೋ ಜಾಗದಲ್ಲಿ ಚೆಲ್ಲಿದ ಕಾಳು ಆ ಮೊದಲ ಹಕ್ಕಿಯನ್ನ ಕರೆಯುತ್ತೆ. ಬಿತ್ತಿದ ದಿನ ಸಂಜೆಯೊಳಗೆ ಅದನ್ನ ಆರಿಸಿ ಅಥವಾ ಮಣ್ಣು ಮುಚ್ಚಿ. ಮೆಕ್ಕೆಜೋಳದ ಬೀಜ 4-5 ಸೆಂ.ಮೀ. ಆಳಕ್ಕೆ ಬೀಳಲಿ, ಮೇಲೆ ಹಲಗೆ ಎಳೆದು ಸಾಲು ಮುಚ್ಚಿ. ಪಾರಿವಾಳಕ್ಕೆ ಇದೇ ದೊಡ್ಡ ಮದ್ದು. ಅದು ಕಾಗೆ ತರ ಸಸಿ ಕಿತ್ತು ಬೀಜ ಹುಡುಕೋದಕ್ಕಿಂತ ಮಣ್ಣಿನ ಮೇಲೆ ಕಾಣೋ ಕಾಳನ್ನ ಆರಿಸುತ್ತೆ. ಕಾಳು ಕಾಣದಿದ್ರೆ ಅದಕ್ಕೆ ಅಲ್ಲಿ ಕೆಲಸ ಇಲ್ಲ.

*3. ಬೊಂಬೆಯನ್ನ ತಲೆಕೆಳಗೆ ಮಾಡಿ.* ನಕಲಿ ಕಾಗೆ ನೆಲದ ಮೇಲೆ ಮೇಯೋ ಭಂಗಿಯಲ್ಲಿ ನಿಂತಿದ್ರೆ ಸಂದೇಶ: "ಬನ್ನಿ, ಊಟ ಇದೆ." ಅದೇ ಬೊಂಬೆ ರೆಕ್ಕೆ ಜೋತುಬಿದ್ದು, ಕಾಲಿಂದ ತಲೆಕೆಳಗಾಗಿ ನೇತಾಡ್ತಾ ಇದ್ರೆ ಸಂದೇಶ: "ಇಲ್ಲಿ ನಮ್ಮವನೊಬ್ಬ ಸತ್ತಿದ್ದಾನೆ." ಆನ್‌ಲೈನಲ್ಲಿ ಪ್ಲಾಸ್ಟಿಕ್ ಕಾಗೆ ತರಿಸಿ ಹೊಲದಲ್ಲಿ ನಿಲ್ಲಿಸಿದ್ರೆ ಕಾಗೆಗಳನ್ನ ನೀವೇ ಊಟಕ್ಕೆ ಕರೆದ ಹಾಗೆ.

ನಮ್ಮ ಹಿರಿಯರು ಸತ್ತ ಕಾಗೆ ಸಿಕ್ಕರೆ ಹೊಲದಲ್ಲಿ ಕಟ್ಟುತ್ತಿದ್ದದ್ದು ಇದಕ್ಕೇ. ಅಮೆರಿಕದ ಸಿಯಾಟಲ್‌ನಲ್ಲಿ ಕೇಲಿ ಸ್ವಿಫ್ಟ್ ಮತ್ತು ಜಾನ್ ಮಾರ್ಜ್‌ಲಫ್ ಅನ್ನೋ ವಿಜ್ಞಾನಿಗಳು ಅಲ್ಲಿನ ಕಾಗೆಗಳ ಮೇಲೆ ಇದನ್ನ ಪರೀಕ್ಷೆ ಮಾಡಿ 2015ರಲ್ಲಿ ಪ್ರಕಟಿಸಿದ್ದಾರೆ. ಸತ್ತ ಕಾಗೆ ಕಂಡ ಜಾಗದಲ್ಲಿ ಊಟ ಇಟ್ಟರೂ ಆಮೇಲೆ ಕೆಲವು ದಿನ ಅವು ಹತ್ತಿರ ಬರೋಕೆ ಹಿಂಜರಿದವು. ನಮ್ಮ ಊರ ಕಾಗೆ ಅದರ ದಾಯಾದಿ.

ಆದರೆ ಇದಕ್ಕೆ ಅಂತ ಕಾಗೆ ಕೊಲ್ಲೋ ಹಾಗಿಲ್ಲ, ಸತ್ತದ್ದನ್ನ ಮುಟ್ಟೋದು ಆರೋಗ್ಯಕ್ಕೂ ಒಳ್ಳೇದಲ್ಲ. ಹಳೇ ಕೊಡೆಯ ಕಪ್ಪು ಬಟ್ಟೆ ಇದ್ಯಲ್ಲ, ಅದು ಸಾಕು. ತಂತಿಯಲ್ಲಿ ಸುಮಾರು 40 ಸೆಂ.ಮೀ. ಉದ್ದದ ಚೌಕಟ್ಟು ಮಾಡಿ, ಬಟ್ಟೆ ಸುತ್ತಿ, ಒಳಗೆ ಹುಲ್ಲು ತುಂಬಿ, ಎರಡು ರೆಕ್ಕೆ ಸಡಿಲವಾಗಿ ಜೋತುಬಿಡಿ. 2.5-3 ಮೀಟರ್ ಎತ್ತರದ ಬಿದಿರಿನಿಂದ ದಾರದಲ್ಲಿ ನೇತುಹಾಕಿ, ಗಾಳಿಗೆ ತಿರುಗಬೇಕು. ಎಕರೆಗೆ ಎರಡೋ ಮೂರೋ ಸಾಕು. ಆದರೆ ನೀವು ಗೆರೆ ಎಳೆದ ಹಾರೋ ದಾರಿಯ ಕಡೆ, ಅವು ಕೂತು ನೋಡೋ ಮರಕ್ಕೆ ಕಾಣೋ ಹಾಗೆ ಇರಲಿ.

*4. ಮಿನುಗೋ ರಿಬ್ಬನ್ ಕಟ್ಟಿ.* ಒಂದು ಕಡೆ ಬೆಳ್ಳಿ, ಇನ್ನೊಂದು ಕಡೆ ಕೆಂಪು ಬಣ್ಣದ ರಿಬ್ಬನ್ ಗೊಬ್ಬರದಂಗಡಿಗಳಲ್ಲಿ ಸಿಗುತ್ತೆ. ಗೂಟದಿಂದ ಗೂಟಕ್ಕೆ ಎಳೆಯುವಾಗ ಎರಡು ಮೂರು ತಿರುವು ಹಾಕಿ, ಸ್ವಲ್ಪ ಸಡಿಲ ಬಿಡಿ. ಆಗ ಬಿಸಿಲಿಗೆ ಮಿನುಗುತ್ತೆ, ಗಾಳಿಗೆ ಗುಂಯ್ ಅನ್ನುತ್ತೆ. ಸಾಲುಗಳ ನಡುವೆ 5 ಮೀಟರ್ ಆಸುಪಾಸು ಅಂತರ ಸಾಕು. ಮೋಡ ಮುಸುಕಿ ಗಾಳಿ ಇಲ್ಲದ ದಿನ ಇದರ ಕೆಲಸ ಕಡಿಮೆ. ಆ ದಿನ ನೀವೇ ಹೊಲದಲ್ಲಿರಿ.

*5. ಬೆರ್ಚಪ್ಪನಿಗೆ ನಿಮ್ಮ ಅಂಗಿ ಹಾಕಿ.* ಕಾಗೆಗಳು ಮನುಷ್ಯರ ಮುಖ ಗುರುತಿಟ್ಟುಕೊಳ್ತವೆ ಅಂತ ಮಾರ್ಜ್‌ಲಫ್ ತಂಡ ಮುಖವಾಡ ಹಾಕಿಕೊಂಡು ಮಾಡಿದ ಪ್ರಯೋಗಗಳಲ್ಲಿ ಗೊತ್ತಾಗಿದೆ. ಸುಮ್ಮನೆ ನಿಂತ ಬೆರ್ಚಪ್ಪನನ್ನ ಅವು ಕೆಲವೇ ದಿನಗಳಲ್ಲಿ ಲೆಕ್ಕಕ್ಕಿಡಲ್ಲ. ಅದಕ್ಕೆ ಬೆಳಗ್ಗೆ ಒಂದು ಗಂಟೆ ನೀವೇ ಒಂದು ಗುರುತಿನ ಅಂಗಿ, ಟವೆಲ್ ಹಾಕಿ ತಮಟೆನೋ ತಟ್ಟೆನೋ ಬಡಿದು ಓಡಿಸಿ. ಆಮೇಲೆ ಅದೇ ಅಂಗಿ, ಅದೇ ಟವೆಲ್ ಬೆರ್ಚಪ್ಪನಿಗೆ. ಮಾರನೇ ದಿನ ಅವನು ನಿಂತ ಜಾಗ ಬದಲಿಸಿ. ಕೆಲವೊಮ್ಮೆ ಅವನು ಓಡಿಬರ್ತಾನೆ ಅಂತ ಕಾಗೆಗೆ ಅನ್ನಿಸಬೇಕು.

*6. ಬದಲಿಸ್ತಾ ಇರಿ, ಕೆಲಸ ಮುಗಿದ ಮೇಲೆ ತೆಗೀರಿ.* ಎರಡು ಮೂರು ದಿನಕ್ಕೊಮ್ಮೆ ಬೊಂಬೆಯ ಜಾಗ, ಎತ್ತರ ಬದಲಾಗಲಿ. ಮೆಕ್ಕೆಜೋಳಕ್ಕೆ ಬಿತ್ತಿದ ದಿನದಿಂದ ಮೊಳಕೆ ಬಂದು ಎರಡು ವಾರದವರೆಗೆ ಅಪಾಯ. ಆಮೇಲೆ ಬೇರು ಹಿಡಿದು, ಬುಡದ ಬೀಜ ಕರಗಿಹೋಗುತ್ತೆ, ಕಾಗೆಗೆ ಆಸಕ್ತಿ ಇರಲ್ಲ. ಆಗ ಎಲ್ಲಾ ಬಿಚ್ಚಿ ಅಟ್ಟಕ್ಕೆ ಹಾಕಿ. ವರ್ಷಪೂರ್ತಿ ನೇತಾಡೋ ಬೊಂಬೆಗೆ ಮುಂದಿನ ಬಿತ್ತನೆಗೆ ಯಾರೂ ಹೆದರಲ್ಲ. ತೆನೆ ಹಾಲು ತುಂಬೋ ಹೊತ್ತಿಗೆ ಹಕ್ಕಿ ಕಾಟ ಇದ್ರೆ ಆಗ ಮತ್ತೆ ಹೊರಗೆ ತೆಗೀರಿ.

*7. ಅಕ್ಕಪಕ್ಕದವರ ಜೊತೆ ಒಂದೇ ವಾರ ಬಿತ್ತಿ.* ಸುತ್ತಮುತ್ತ ಎಲ್ಲಕ್ಕಿಂತ ಮೊದಲು ಅಥವಾ ಕೊನೆಗೆ ಮೊಳಕೆ ಒಡೆದ ಒಂಟಿ ಹೊಲಕ್ಕೆ ಊರಿನ ಎಲ್ಲಾ ಕಾಗೆಗಳದ್ದೂ ಒಂದೇ ಕಣ್ಣು. ಹತ್ತು ಹೊಲ ಒಟ್ಟಿಗೆ ಹಸಿರಾದ್ರೆ ನಷ್ಟ ಹಂಚಿಹೋಗುತ್ತೆ, ಕಾವಲೂ ಹಂಚಿಕೊಳ್ಳಬಹುದು.

ಇವನ್ನ ಮಾಡಲೇಬೇಡಿ

ಕಾಳಿಗೆ ಕೀಟನಾಶಕ ಬೆರೆಸಿ ಚೆಲ್ಲಬೇಡಿ. ಅದು ಅಪರಾಧ, ಜೊತೆಗೆ ಮನೆ ಕೋಳಿ, ನಾಯಿ, ನೀರಿಗೆ ಬಂದ ಕುರಿಗೂ ಮೃತ್ಯು. ತೆಳು ನೈಲಾನ್ ಬಲೆಯನ್ನ ಸಡಿಲವಾಗಿ ಹರಡಬೇಡಿ, ಹಕ್ಕಿಗಳ ಜೊತೆ ಕೇರೆಹಾವೂ ಸಿಕ್ಕಿ ಸಾಯುತ್ತೆ, ಆಮೇಲೆ ಇಲಿ ಹೆಚ್ಚುತ್ತೆ. ಗೂಡು, ಮೊಟ್ಟೆ ಒಡೆಯಬೇಡಿ. ಇಡೀ ದಿನ ಪಟಾಕಿ ಹೊಡೆಯೋದ್ರಿಂದ ಹಕ್ಕಿಗಿಂತ ಮೊದಲು ಅಕ್ಕಪಕ್ಕದವರಿಗೆ ಬೇಜಾರಾಗುತ್ತೆ, ಹಕ್ಕಿ ವಾರದೊಳಗೆ ಒಗ್ಗಿಕೊಳ್ಳುತ್ತೆ. ನವಿಲು, ಕಾಡುಹಂದಿಯಂಥ ವನ್ಯಜೀವಿಗಳಿಂದ ದೊಡ್ಡ ನಷ್ಟ ಆದ್ರೆ ಫೋಟೋ, ದಿನಾಂಕ ಸಮೇತ ಅರಣ್ಯ ಇಲಾಖೆಯ ಹತ್ತಿರದ ಕಚೇರಿಗೆ ತಿಳಿಸಿ, ಪರಿಹಾರಕ್ಕೆ ಅವಕಾಶ ಇದೆಯಾ ಕೇಳಿ.

ಈ ವಾರದ ಕೆಲಸ

ಬಿತ್ತನೆ ಇನ್ನೂ ಆಗಿಲ್ಲದೋರು ಎರಡು ದಿನ ಬೆಳಗ್ಗೆ ಹೊಲದಲ್ಲಿ ಕೂತು ಹಾರೋ ದಾರಿ ಗುರುತು ಮಾಡಿ, ಒಂದು ಕೊಡೆಬಟ್ಟೆ ಕಾಗೆ ಹೊಲಿದಿಟ್ಟುಕೊಳ್ಳಿ. ಬಿತ್ತಿ ಆಗಿರೋರು ನಾಳೆ ಬೆಳಗ್ಗೆ ಅಂಚುಗಳಲ್ಲಿ ಚೆಲ್ಲಿದ ಕಾಳು ನೋಡಿ, ಹತ್ತು ಕಡೆ ಗಿಡ ಎಣಿಸಿ. ಸಸಿ ತಪ್ಪಿರೋ ಕಡೆ ಒಂದು ವಾರದೊಳಗೆ ಮರುಬೀಜ ಹಾಕಿ, ತಡ ಮಾಡಿದ್ರೆ ಆ ಗಿಡ ನೆರಳಲ್ಲಿ ಸೊರಗುತ್ತೆ. ಮರುಬೀಜ ಹಾಕಿದ ಜಾಗದ ಪಕ್ಕಕ್ಕೇ ಬೊಂಬೆ ಸರಿಸಿ. ಕಾಗೆ ಆ ಜಾಗವನ್ನ ಈಗಾಗಲೇ ನೋಡಿಟ್ಟುಕೊಂಡಿರುತ್ತೆ.